ತೈಲ ಬಾವಿ ಗಟ್ಟಿಯಾಗಿದೆಯಾ? ಕರಾವಳಿಯಿಂದ ಪ್ಲಾಟ್‌ಫಾರ್ಮ್‌ಗೆ ಹೊರಟವರಿಗೆ ತಪಾಸಣೆಯ ಮಾರ್ಗದರ್ಶಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೋಗಿ ದುಡಿಯುವವರು ಮೊದಲಿನಿಂದಲೂ ಇದ್ದಾರೆ. ಐಟಿಐ, ಡಿಪ್ಲೊಮಾ ಮುಗಿಸಿದವರಲ್ಲಿ ಕೆಲವರು ಮುಂಬೈ ಆಚೆ ಕಡಲಲ್ಲಿರುವ ಬಾಂಬೆ ಹೈ ತೈಲ ಕ್ಷೇತ್ರದ ಪ್ಲಾಟ್‌ಫಾರ್ಮ್‌ಗೋ, ಒಮಾನ್, ಅಬುಧಾಬಿಯ ತೈಲ ಕ್ಷೇತ್ರಗಳಿಗೋ ಸೇರುತ್ತಾರೆ. ನಮ್ಮ ಜಿಲ್ಲೆಯಲ್ಲಿ ತೈಲ ಬಾವಿ ಇಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ ಮೇಲೇ ಮೊದಲ ಸಲ ವೆಲ್‌ಹೆಡ್ (ಬಾವಿಯ ಬಾಯಿಯಲ್ಲಿರುವ ಉಕ್ಕಿನ ತಲೆಭಾಗ) ನೋಡುವವರೇ ಜಾಸ್ತಿ. ಕೈಗೊಂದು ಲಾಗ್‌ಶೀಟ್ ಕೊಟ್ಟು "ಹೋಗಿ ಪ್ರೆಶರ್ ಬರ್ಕೊಂಡು ಬಾ" ಅಂತ ಕಳಿಸುತ್ತಾರೆ. ಆ ಗೇಜಿನ ಮುಳ್ಳು ಏನು ಹೇಳುತ್ತಿದೆ ಅಂತ ಕೂರಿಸಿಕೊಂಡು ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ನಾನು ಈ ಕೆಲಸ ಮಾಡಿ ಬಂದವನು. ಊರಿನ ಹೊಸಬರು ಫೋನ್ ಮಾಡಿ ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಸಾಲಾಗಿ ಬರೆದಿದ್ದೇನೆ. ಮುಖ್ಯವಾಗಿ ಒಂದು ಮಾತು ತಲೆಯಲ್ಲಿರಲಿ. ಬಾವಿ ಒಂದೇ ದಿನಕ್ಕೆ ಕೆಡುವುದು ಅಪರೂಪ. ಬಹಳ ಸಲ ಅದು ತಿಂಗಳುಗಟ್ಟಲೆ ಮೊದಲೇ ಗೇಜಿನಲ್ಲಿ ಸುಳಿವು ಕೊಟ್ಟಿರುತ್ತದೆ. ಆ ಸುಳಿವನ್ನು ಮೊದಲು ಕಾಣುವವರು ನೀವು, ಆಫೀಸಿನಲ್ಲಿ ಕೂತ ಎಂಜಿನಿಯರ್ ಅಲ್ಲ.

ಮೊದಲು ಬಾವಿ ಹೇಗಿರುತ್ತದೆ ಅಂತ ತಿಳಿಯಿರಿ

ತೈಲ ಬಾವಿ ಅಂದರೆ ಒಂದರೊಳಗೊಂದು ಇಳಿಸಿದ ಉಕ್ಕಿನ ಪೈಪುಗಳು. ಎಲ್ಲಕ್ಕಿಂತ ಹೊರಗೆ ಕಂಡಕ್ಟರ್. ಅದರೊಳಗೆ ಸರ್ಫೇಸ್ ಕೇಸಿಂಗ್, ಅದರೊಳಗೆ ಇಂಟರ್‌ಮೀಡಿಯೆಟ್ ಕೇಸಿಂಗ್, ಅದರೊಳಗೆ ಪ್ರೊಡಕ್ಷನ್ ಕೇಸಿಂಗ್. ಪ್ರತಿ ಕೇಸಿಂಗ್ ಸುತ್ತ ಸಿಮೆಂಟ್ ತುಂಬಿರುತ್ತಾರೆ. ನಡುವೆ ಟ್ಯೂಬಿಂಗ್ ಇರುತ್ತದೆ, ಎಣ್ಣೆ ಅಥವಾ ಗ್ಯಾಸ್ ಮೇಲೆ ಬರುವುದು ಅದರಲ್ಲೇ. ಟ್ಯೂಬಿಂಗ್‌ನ ಕೆಳತುದಿಯ ಹತ್ತಿರ ಪ್ಯಾಕರ್ ಎನ್ನುವ ರಬ್ಬರ್ ಸೀಲ್ ಇದೆ. ಅದು ಬಾವಿಯ ಒತ್ತಡ ಕೇಸಿಂಗ್ ಕಡೆಗೆ ಹೋಗದಂತೆ ತಡೆಯುತ್ತದೆ.

ಎರಡು ಪೈಪುಗಳ ನಡುವಿನ ಸಂದಿಗೆ ಅನ್ಯುಲಸ್ ಅನ್ನುತ್ತಾರೆ. ಟ್ಯೂಬಿಂಗ್ ಮತ್ತು ಪ್ರೊಡಕ್ಷನ್ ಕೇಸಿಂಗ್ ನಡುವಿನದು ಎ ಅನ್ಯುಲಸ್. ಅದರ ಹೊರಗಿನದು ಬಿ, ಇನ್ನೂ ಹೊರಗಿನದು ಸಿ. ಪ್ಲಾಟ್‌ಫಾರ್ಮ್‌ನಲ್ಲಿ ದಿನವೂ ಕೇಳುವ ಮಾತು ಇದೇ: "ಎ ಎಷ್ಟಿದೆ? ಬಿ ಎಷ್ಟಿದೆ?"

ಬಾವಿಯ ಒಳಗಿನ ಒತ್ತಡಕ್ಕೂ ಹೊರಗಿನ ಗಾಳಿಗೂ ನಡುವೆ ಯಾವಾಗಲೂ ಎರಡು ತಡೆ ಇರಬೇಕು. ಒಂದು ಸೋತರೆ ಇನ್ನೊಂದು ನಿಲ್ಲಬೇಕು. ಒಂದರ ಮೇಲೆ ಇನ್ನೊಂದು ಅವಲಂಬಿಸಿರಬಾರದು. ನಾರ್ವೆಯ ಮಾನದಂಡ ನಾರ್ಸಾಕ್ ಡಿ-010 ಆಗಲಿ, ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 16530 ಆಗಲಿ, ಇಡೀ ಕೆಲಸ ನಿಂತಿರುವುದು ಈ ನಿಯಮದ ಮೇಲೆ. ಟ್ಯೂಬಿಂಗ್, ಪ್ಯಾಕರ್, ಸಬ್‌ಸರ್ಫೇಸ್ ಸೇಫ್ಟಿ ವಾಲ್ವ್ (ಟ್ಯೂಬಿಂಗ್‌ನಲ್ಲಿ ಕೆಳಗೆ ಇರುವ, ಅಪಾಯ ಬಂದಾಗ ಮುಚ್ಚುವ ವಾಲ್ವ್) ಸೇರಿ ಮೊದಲ ತಡೆ. ಪ್ರೊಡಕ್ಷನ್ ಕೇಸಿಂಗ್, ಅದರ ಸಿಮೆಂಟ್, ವೆಲ್‌ಹೆಡ್, ಕ್ರಿಸ್ಮಸ್ ಟ್ರೀ (ವೆಲ್‌ಹೆಡ್ ಮೇಲಿನ ವಾಲ್ವ್‌ಗಳ ಗುಚ್ಛ) ಸೇರಿ ಎರಡನೆಯದು. ನೀವು ಮಾಡುವ ತಪಾಸಣೆಯೆಲ್ಲ ಈ ಎರಡೂ ಇವತ್ತು ಗಟ್ಟಿಯಾಗಿವೆಯೇ ಅನ್ನುವ ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ.

ಹೆಜ್ಜೆ 1: ಬಾವಿ ಹತ್ತಿರ ಹೋಗುವ ಮೊದಲು ಅದರ ಫೈಲ್ ನೋಡಿ

ಪ್ರತಿ ಬಾವಿಗೂ ಒಂದು ಚಿತ್ರ ಇರುತ್ತದೆ. ಯಾವ ಸೈಜಿನ ಕೇಸಿಂಗ್, ಎಷ್ಟು ಆಳದವರೆಗೆ, ಯಾವ ಗ್ರೇಡ್, ಸಿಮೆಂಟ್ ಎಲ್ಲಿಯವರೆಗೆ ಬಂದಿದೆ ಎಲ್ಲವೂ ಅದರಲ್ಲಿ ಇರುತ್ತದೆ. ಕೇಳಿ ತೆಗೆಸಿಕೊಳ್ಳಿ. ಹೊಸಬ ಫೈಲ್ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೂ ಕೇಳಿ.

ಅದರಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಪ್ರತಿ ಅನ್ಯುಲಸ್‌ಗೆ ಇರುವ ಗರಿಷ್ಠ ಮಿತಿ. ಕೆಲವು ಕಡೆ ಮ್ಯಾಸ್ಪ್ ಅನ್ನುತ್ತಾರೆ, ಕೆಲವು ಕಡೆ ಮಾವಾಪ್ ಅನ್ನುತ್ತಾರೆ. ಲೆಕ್ಕ ಹಾಕುವ ಬಗೆ ಸ್ವಲ್ಪ ಬೇರೆ ಬೇರೆ. ಕಡಲಿನ ಬಾವಿಗಳಿಗೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಬರೆದ ಮಾರ್ಗಸೂಚಿ ಎಪಿಐ ಆರ್‌ಪಿ 90 ಪ್ರಕಾರ ಸರಳ ಲೆಕ್ಕ ಹೀಗಿದೆ: ಆ ಅನ್ಯುಲಸ್‌ನ ಹೊರಗೋಡೆಯ ಕೇಸಿಂಗ್ ತಡೆಯಬಲ್ಲ ಒಳಒತ್ತಡದ ಶೇ. 50, ಅದಕ್ಕೂ ಹೊರಗಿನ ಕೇಸಿಂಗ್ ತಡೆಯಬಲ್ಲ ಒಳಒತ್ತಡದ ಶೇ. 80, ಒಳಗಿನ ಪೈಪ್ ಕುಸಿಯುವ ಒತ್ತಡದ ಶೇ. 75. ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

ಒಂದು ಉದಾಹರಣೆ ನೋಡೋಣ. ಟ್ಯೂಬಿಂಗ್ ಮೂರೂವರೆ ಇಂಚಿನದು, ಎಲ್-80 ಗ್ರೇಡ್, ಅಡಿಗೆ 9.2 ಪೌಂಡ್. ಕುಸಿಯುವ ಒತ್ತಡ ಸುಮಾರು 10,540 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದರ ಶೇ. 75 ಅಂದರೆ ಸುಮಾರು 7,900. ಪ್ರೊಡಕ್ಷನ್ ಕೇಸಿಂಗ್ 7 ಇಂಚು, ಎಲ್-80, 29 ಪೌಂಡ್. ಅದು ತಡೆಯುವುದು 8,160. ಅರ್ಧ ಅಂದರೆ 4,080. ಅದರ ಹೊರಗೆ ಒಂಬತ್ತು ಮತ್ತು ಐದು ಬೈ ಎಂಟು ಇಂಚಿನ ಕೆ-55 ಕೇಸಿಂಗ್, 40 ಪೌಂಡ್. ಅದು ತಡೆಯುವುದು 3,950. ಶೇ. 80 ಅಂದರೆ 3,160. ಹಾಗಾಗಿ ಈ ಬಾವಿಯ ಎ ಅನ್ಯುಲಸ್ ಮಿತಿ 3,160 ಪಿಎಸ್‌ಐ. ನೋಡಿ, ಮಿತಿ ಹಾಕಿದ್ದು ಎ ಅನ್ಯುಲಸ್‌ನ ಗೋಡೆ ಅಲ್ಲ, ಅದರಾಚೆಯ ಪೈಪ್. ಒಳಗಿನ ಕೇಸಿಂಗ್ ಒಡೆದರೆ ಆ ಒತ್ತಡ ತಡೆಯಬೇಕಾದ್ದು ಹೊರಗಿನದೇ ಅಲ್ವಾ? ಅದಕ್ಕೇ ಹೀಗೆ.

ಇದು ಹೊಸ ಪೈಪಿನ ಲೆಕ್ಕ. ಇಪ್ಪತ್ತು ಮೂವತ್ತು ವರ್ಷ ನೆಲದಲ್ಲಿದ್ದ ಪೈಪಿನ ಗೋಡೆ ಸವೆದಿದ್ದರೆ ಈ ಸಂಖ್ಯೆ ಇಳಿಯಬೇಕು. ಬಾಂಬೆ ಹೈ ಪತ್ತೆಯಾದದ್ದು 1974ರಲ್ಲಿ, ಎಣ್ಣೆ ತೆಗೆಯಲು ಶುರು ಮಾಡಿದ್ದು 1976ರಲ್ಲಿ. ಇಂಥ ಹಳೆಯ ಕ್ಷೇತ್ರಕ್ಕೆ ಹೋದರೆ, ಬೋರ್ಡಿನ ಮೇಲೆ ಬರೆದ ಮಿತಿ ಯಾವ ವರ್ಷದ ಲೆಕ್ಕ ಅಂತ ಒಮ್ಮೆ ಕೇಳಿ.

ಇನ್ನೊಂದು ಸಣ್ಣ ವಿಷಯ. ನಮ್ಮ ದೇಶದಲ್ಲಿ ಗೇಜುಗಳು ಹೆಚ್ಚಾಗಿ ಕೆಜಿ ಪರ್ ಸ್ಕ್ವೇರ್ ಸೆಂಟಿಮೀಟರ್‌ನಲ್ಲಿ ಇರುತ್ತವೆ. ಗಲ್ಫ್‌ನಲ್ಲಿ ಪಿಎಸ್‌ಐ ಅಥವಾ ಬಾರ್. ಒಂದು ಕೆಜಿ ಅಂದರೆ 14.2 ಪಿಎಸ್‌ಐ. ಲಾಗ್‌ಶೀಟ್‌ನಲ್ಲಿ ಸಂಖ್ಯೆಯ ಪಕ್ಕ ಯೂನಿಟ್ ಬರೆಯದೆ ಬಿಡಬೇಡಿ.

ಹೆಜ್ಜೆ 2: ಪರ್ಮಿಟ್, ಡಿಟೆಕ್ಟರ್, ಗಾಳಿಯ ದಿಕ್ಕು

ಪರ್ಮಿಟ್ ಇಲ್ಲದೆ ಯಾವ ವಾಲ್ವನ್ನೂ ಮುಟ್ಟಬಾರದು. ಸುಮ್ನೆ ಓದಿ ಬರೆಯುವುದಕ್ಕೂ ಕಂಟ್ರೋಲ್ ರೂಮಿಗೆ ಹೇಳಿಯೇ ಹೋಗಿ.

ಹೈಡ್ರೋಜನ್ ಸಲ್ಫೈಡ್ ಇರುವ ಕ್ಷೇತ್ರವಾದರೆ ಎದೆಗೆ ಗ್ಯಾಸ್ ಡಿಟೆಕ್ಟರ್ ಇರಲೇಬೇಕು. ಹೆಚ್ಚಿನ ಕಡೆ 10 ಪಿಪಿಎಂಗೇ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 10 ಭಾಗ) ಅದು ಕೂಗುತ್ತದೆ. ಈ ಗ್ಯಾಸ್ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ ನಿಜ. ಆದರೆ 100 ಪಿಪಿಎಂ ಆಸುಪಾಸಿಗೆ ಬಂದರೆ ಕೆಲವೇ ನಿಮಿಷದಲ್ಲಿ ಮೂಗು ಸತ್ತುಹೋಗುತ್ತದೆ. ವಾಸನೆ ನಿಂತಿತು, ಗ್ಯಾಸ್ ಹೋಯಿತು ಅಂದುಕೊಳ್ಳುವವರು ಬದುಕುವುದಿಲ್ಲ. 1,000 ಪಿಪಿಎಂನಲ್ಲಿ ಒಂದೆರಡು ಉಸಿರು ಸಾಕು. ಇದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ವೆಲ್‌ಹೆಡ್ ಸುತ್ತ ಇರುವ ಸೆಲ್ಲರ್ ಎಂಬ ಗುಂಡಿಗೆ ಗ್ಯಾಸ್ ಟೆಸ್ಟ್ ಮಾಡದೆ, ಮೇಲೆ ಒಬ್ಬರನ್ನು ನಿಲ್ಲಿಸದೆ ಇಳಿಯಬೇಡಿ. ಒಳಗೆ ಬಿದ್ದವರನ್ನು ಎತ್ತಲು ಹಾಗೇ ಧುಮುಕಬೇಡಿ. ಮಾಸ್ಕ್ ಇಲ್ಲದೆ ಹೋದರೆ ಎರಡನೇ ಹೆಣ ನಿಮ್ಮದೇ.

ಗಾಳಿ ಎಲ್ಲಿಂದ ಬೀಸುತ್ತಿದೆ ಅಂತ ವಿಂಡ್‌ಸಾಕ್ ನೋಡಿ, ಬೀಸುವ ಕಡೆಯಿಂದಲೇ ಬಾವಿಯ ಹತ್ತಿರ ಹೋಗಿ.

ಹೆಜ್ಜೆ 3: ಗೇಜ್ ನೋಡುವ ಮೊದಲು ಬಾವಿಯನ್ನೇ ಒಂದು ಸುತ್ತು ನೋಡಿ

ನಿಧಾನವಾಗಿ ಸುತ್ತು ಹಾಕಿ. ಫ್ಲೇಂಜ್‌ಗಳ ಸಂದಿಯಲ್ಲಿ ಎಣ್ಣೆಯ ಪಸೆ ಇದೆಯೇ? ವಾಲ್ವಿನ ಸ್ಟೆಮ್ ಹತ್ತಿರ ಗ್ರೀಸ್ ಹೊರಗೆ ಬಂದಿದೆಯೇ? ಸುಂಯ್ ಅನ್ನುವ ಸದ್ದು ಕೇಳುತ್ತಿದೆಯೇ? ಸೋರಿಕೆ ಇದೆ ಅನ್ನಿಸಿದರೆ ಸೋಪಿನ ನೀರು ಹಾಕಿ ನೋಡಿ. ಕೈಯಿಟ್ಟು ಹುಡುಕಬೇಡಿ. ಸಾವಿರಾರು ಪಿಎಸ್‌ಐನಲ್ಲಿ ಸೂಜಿ ತೂತಿನಿಂದ ಬರುವ ಗ್ಯಾಸ್ ಚರ್ಮ ಸೀಳುತ್ತದೆ.

ಕೇಸಿಂಗ್ ನೇತುಹಾಕಿರುವ ಹ್ಯಾಂಗರನ್ನು ಹಿಡಿದಿರುವ ಟೈ-ಡೌನ್ ಸ್ಕ್ರೂಗಳನ್ನು ಎಣಿಸಿ. ಎಲ್ಲವೂ ಒಂದೇ ಸಮ ಒಳಗೆ ಹೋಗಿವೆಯೇ ನೋಡಿ. ಒಂದು ಹೊರಗೆ ಚಾಚಿದ್ದರೆ ಬರೆದುಕೊಳ್ಳಿ. ನೀವೇ ತಿರುಗಿಸಲು ಹೋಗಬೇಡಿ, ಅದರ ಹಿಂದೆ ಒತ್ತಡ ಇರಬಹುದು. ಸೆಲ್ಲರ್‌ನಲ್ಲಿ ನೀರು ನಿಂತಿದ್ದರೆ ಅದರಲ್ಲಿ ಗುಳ್ಳೆ ಏಳುತ್ತಿದೆಯೇ ಅಂತ ಐದು ನಿಮಿಷ ನಿಂತು ನೋಡಿ. ಗುಳ್ಳೆ ಇದೆ ಅಂದರೆ ಹೊರಗಿನ ಸಿಮೆಂಟ್ ಸಂದಿಯಿಂದ ಗ್ಯಾಸ್ ಬರುತ್ತಿರಬಹುದು. ಇದನ್ನು ಯಾವ ಗೇಜೂ ತೋರಿಸುವುದಿಲ್ಲ.

ತುಕ್ಕಿನ ಬಗ್ಗೆ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಉಪ್ಪುಗಾಳಿ ಕಬ್ಬಿಣವನ್ನು ಏನು ಮಾಡುತ್ತದೆ ಅಂತ ಕಾರವಾರದ ಪ್ರತಿ ಮನೆಯ ಗೇಟು, ಕಿಟಕಿಯ ಸರಳು ಹೇಳುತ್ತದೆ. ಕಡಲಿನ ಪ್ಲಾಟ್‌ಫಾರ್ಮ್‌ನಲ್ಲಿ ತೀರಾ ಕೆಡುವುದು ಅಲೆ ಬಡಿಯುವ ಭಾಗ. ಅಲ್ಲಿ ಕಂಡಕ್ಟರ್ ಒಮ್ಮೆ ಒದ್ದೆ, ಒಮ್ಮೆ ಒಣ. ಉಪ್ಪೂ ಗಾಳಿಯೂ ಎರಡೂ ಸಿಗುತ್ತವೆ. ಪೇಂಟ್ ಉಬ್ಬಿದ ಜಾಗ, ಪದರ ಪದರವಾಗಿ ಏಳುವ ತುಕ್ಕು, ಕ್ಲ್ಯಾಂಪಿನ ಅಡಿ ಇವನ್ನು ಫೋಟೋ ತೆಗೆದು, ಜಾಗ ಬರೆದು ಕೊಡಿ. ಫೋನ್ ಅಲ್ಲ, ಅನುಮತಿ ಇರುವ ಸ್ಫೋಟನಿರೋಧಕ ಕ್ಯಾಮೆರಾ.

ಕಣ್ಣಿಗೆ ಕಾಣದ ತುಕ್ಕು ಇನ್ನೂ ಕೆಟ್ಟದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಿಸೊ ಕ್ಯಾನ್ಯನ್‌ನಲ್ಲಿ 2015ರ ಅಕ್ಟೋಬರ್‌ನಲ್ಲಿ ಗ್ಯಾಸ್ ಸಂಗ್ರಹದ ಒಂದು ಬಾವಿ ಸೋರಲು ಶುರುವಾಯಿತು. ನಿಂತದ್ದು 2016ರ ಫೆಬ್ರವರಿಯಲ್ಲಿ. ಸಾವಿರಾರು ಮನೆಯವರು ಊರು ಬಿಟ್ಟರು. ಬಾವಿ ಕೊರೆದದ್ದು 1950ರ ದಶಕದಲ್ಲಿ. 7 ಇಂಚಿನ ಕೇಸಿಂಗ್ ಹೊರಮೈಯಲ್ಲಿ, ನೆಲದ ನೀರು ತಾಗುವ ಕಡೆ ತುಕ್ಕು ತಿಂದು ತೆಳುವಾಗಿ ಒಡೆದಿತ್ತು. ಅದರಲ್ಲಿದ್ದ ಸಬ್‌ಸರ್ಫೇಸ್ ಸೇಫ್ಟಿ ವಾಲ್ವನ್ನು ಹಿಂದೆಯೇ ತೆಗೆದು, ಮತ್ತೆ ಹಾಕಿರಲಿಲ್ಲ. ಹೊರಮೈ ತುಕ್ಕನ್ನು ನೋಡದೆ ಬಿಟ್ಟರೆ ಆಗುವುದು ಇದೇ.

ಹೆಜ್ಜೆ 4: ಗೇಜ್ ಓದುವುದು

ಗೇಜ್ ನಿಜ ಹೇಳುತ್ತಿದೆಯೇ ಅಂತ ಮೊದಲು ನೋಡಿ. ಅದರ ನೀಡಲ್ ವಾಲ್ವ್ ಮುಚ್ಚಿ, ಗೇಜಿನ ಒತ್ತಡ ಬಿಡಿ. ಮುಳ್ಳು ಸೊನ್ನೆಗೆ ಬರಬೇಕು. ಬರದಿದ್ದರೆ ಗೇಜ್ ಬದಲಿಸಿ. ಆಮೇಲೆ ವಾಲ್ವ್ ನಿಧಾನವಾಗಿ ತೆರೆಯಿರಿ. ಮುಳ್ಳು ಏರಿ ಒಂದು ಕಡೆ ನಿಲ್ಲಬೇಕು. ಎಷ್ಟು ಹೊತ್ತಾದರೂ ಏರಲೇ ಇಲ್ಲ ಅಂದರೆ ಒಳಗೆ ಒತ್ತಡ ಇಲ್ಲ ಅಂತಲೂ ಇರಬಹುದು, ಲೈನು ಗ್ರೀಸಿನಿಂದಲೋ ಕೆಸರಿನಿಂದಲೋ ಕಟ್ಟಿದೆ ಅಂತಲೂ ಇರಬಹುದು. ಎರಡಕ್ಕೂ ಅಜಗಜಾಂತರ. ನಿಮ್ಮ ಮಾಮೂಲಿ ಒತ್ತಡ ಗೇಜಿನ ನಡುಭಾಗದಲ್ಲಿ ಬರುವಂಥ ಗೇಜ್ ಇರಬೇಕು. 10,000ದ ಗೇಜಿನಲ್ಲಿ 80 ಓದಲು ಆಗುವುದಿಲ್ಲ.

ಸೊನ್ನೆ ಕಂಡರೆ ಹೊಸಬರಿಗೆ ಖುಷಿ. ಆದರೆ ಸೊನ್ನೆ ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ಎ ಅನ್ಯುಲಸ್‌ನಲ್ಲಿ ತಿಂಗಳುಗಟ್ಟಲೆ 300 ಇದ್ದು ಇವತ್ತು ಸೊನ್ನೆ ಅಂದರೆ ಅಲ್ಲಿದ್ದ ದ್ರವ ಎಲ್ಲಿಗೋ ಹೋಗಿದೆ. ಪ್ಯಾಕರ್‌ನಲ್ಲೋ ಟ್ಯೂಬಿಂಗ್‌ನಲ್ಲೋ ತೂತು ಬಿದ್ದಿರಬಹುದು. ಒತ್ತಡ ಏರಿದ್ದನ್ನು ಎಷ್ಟು ಗಂಭೀರವಾಗಿ ನೋಡುತ್ತೀರೋ ಕಾರಣವಿಲ್ಲದೆ ಇಳಿದದ್ದನ್ನೂ ಅಷ್ಟೇ ಗಂಭೀರವಾಗಿ ನೋಡಿ.

ಒತ್ತಡದ ಜೊತೆ ಬಾವಿಯ ಸ್ಥಿತಿ ಬರೆಯದಿದ್ದರೆ ಆ ಸಂಖ್ಯೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಬಾವಿ ಹರಿಯುತ್ತಿದೆಯೇ, ಮುಚ್ಚಿದೆಯೇ? ಚೋಕ್ (ಹರಿವು ಹತೋಟಿಯ ವಾಲ್ವ್) ಎಷ್ಟು ತೆರೆದಿದೆ? ಟ್ಯೂಬಿಂಗ್ ಒತ್ತಡ ಎಷ್ಟು, ತಾಪಮಾನ ಎಷ್ಟು? ಕಾರಣ ಇದೆ. ಕೆಳಗಿನಿಂದ ಬಿಸಿ ಎಣ್ಣೆ ಬರಲು ಶುರುವಾದಾಗ ಮುಚ್ಚಿದ ಅನ್ಯುಲಸ್‌ನ ದ್ರವವೂ ಕಾಯುತ್ತದೆ, ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದ್ದರಿಂದ ಒತ್ತಡ ಏರುತ್ತದೆ. ಬಾವಿ ನಿಲ್ಲಿಸಿದರೆ ತಣ್ಣಗಾಗಿ ಇಳಿಯುತ್ತದೆ. ಇದು ಸಹಜ. ನಿನ್ನೆ ಬಾವಿ ಶುರು ಮಾಡಿದ್ದು ಅಂತ ಬರೆಯದೆ ಬರೀ "ಬಿ: 600" ಅಂತ ಬರೆದರೆ ಓದಿದವರು ಗಾಬರಿಯಾಗುತ್ತಾರೆ, ಇಲ್ಲವೇ ಮುಂದಿನ ಸಲ ನಿಜವಾದ ಏರಿಕೆಯನ್ನೂ "ಬಿಸಿಗೆ ಏರಿದ್ದು" ಅಂತ ಬಿಟ್ಟುಬಿಡುತ್ತಾರೆ.

ಗ್ಯಾಸ್ ಲಿಫ್ಟ್ ಬಾವಿಯಲ್ಲಿ ಎಣ್ಣೆ ಮೇಲೆ ಬರಲೆಂದು ಎ ಅನ್ಯುಲಸ್‌ಗೆ ನಾವೇ ಗ್ಯಾಸ್ ತುಂಬುತ್ತೇವೆ. ಅಲ್ಲಿ ಎ ಒತ್ತಡ ನೋಡಿ ಸೋರಿಕೆ ಹೇಳುವುದು ಕಷ್ಟ. ಬಿ ಅನ್ಯುಲಸ್ ಮೇಲೆ ಕಣ್ಣಿಡಿ.

ಹೆಜ್ಜೆ 5: ಒತ್ತಡ ಇಳಿಸಿ ನೋಡುವ ಪರೀಕ್ಷೆ

ಇಡೀ ಕೆಲಸದಲ್ಲಿ ಇದೇ ಅತಿ ಮುಖ್ಯ, ಹೆಚ್ಚು ಕೆಡಿಸುವುದೂ ಇದನ್ನೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅನ್ಯುಲಸ್‌ನಲ್ಲಿ 100 ಪಿಎಸ್‌ಐಗಿಂತ, ಅಂದರೆ ಸುಮಾರು 7 ಕೆಜಿಗಿಂತ ಜಾಸ್ತಿ ಒತ್ತಡ ಕಾಣಿಸಿತು, ನಾವು ತುಂಬಿದ್ದಲ್ಲ ಅಂದರೆ ಪರೀಕ್ಷೆ ಬೇಕು ಅನ್ನುತ್ತದೆ ಎಪಿಐ ಆರ್‌ಪಿ 90. ಎಂಜಿನಿಯರ್ ಕಾಗದದಲ್ಲಿ ಬರೆದು ಕೊಟ್ಟ ಮೇಲೆಯೇ ಶುರು ಮಾಡಿ. ಬಾವಿ ಒಂದೇ ಹದದಲ್ಲಿ ಹರಿಯುತ್ತಿರಬೇಕು. ನಡುವೆ ಚೋಕ್ ಬದಲಿಸಬಾರದು.

ಅರ್ಧ ಇಂಚಿನ ನೀಡಲ್ ವಾಲ್ವ್ ಮೂಲಕ ನಿಧಾನವಾಗಿ ಒತ್ತಡ ಬಿಡಿ. ಬಿಟ್ಟದ್ದು ಕ್ಲೋಸ್ಡ್ ಡ್ರೇನ್‌ಗೋ ಫ್ಲೇರ್‌ಗೋ ಹೋಗಲಿ, ಡೆಕ್ ಮೇಲಲ್ಲ. ಪ್ರತಿ ಕೆಲವು ನಿಮಿಷಕ್ಕೆ ಸಮಯ ಮತ್ತು ಒತ್ತಡ ಬರೆಯಿರಿ. ಪಕ್ಕದ ಅನ್ಯುಲಸ್ ಮತ್ತು ಟ್ಯೂಬಿಂಗ್ ಒತ್ತಡವನ್ನೂ ಅದೇ ಹೊತ್ತಿಗೆ ಬರೆಯಿರಿ. ಬಿ ಇಳಿಸುವಾಗ ಎ ಕೂಡ ಇಳಿಯಿತು ಅಂದರೆ ಎರಡರ ನಡುವೆ ದಾರಿ ಆಗಿದೆ ಅಂತ ಅರ್ಥ. ಬಂದದ್ದು ಗ್ಯಾಸೇ, ನೀರೇ, ಡೀಸೆಲ್ಲೇ, ಕಂಪ್ಲೀಷನ್ ಬ್ರೈನೇ (ಬಾವಿಗೆ ತುಂಬಿದ ಉಪ್ಪುನೀರು) ನೋಡಿ. ಅಳತೆ ಮಾಡಿ. ಸ್ಯಾಂಪಲ್ ಹಿಡಿದು ಬಾವಿಯ ನಂಬರ್, ಅನ್ಯುಲಸ್, ದಿನಾಂಕ ಹಾಕಿ ಲ್ಯಾಬ್‌ಗೆ ಕಳಿಸಿ. ಆಮೇಲೆ ವಾಲ್ವ್ ಮುಚ್ಚಿ 24 ಗಂಟೆ ಏರಿಕೆ ನೋಡಿ.

ಒತ್ತಡ ಸೊನ್ನೆಗೆ ಬಂದು ಮತ್ತೆ ಏರಲೇ ಇಲ್ಲ ಅಂದರೆ ಅದು ಬಿಸಿಯಿಂದ ಬಂದದ್ದು, ತೊಂದರೆ ಇಲ್ಲ. ಸೊನ್ನೆಗೆ ಬಂತು, ಆಮೇಲೆ ನಿಧಾನವಾಗಿ ಏರಿ ಮಿತಿಗಿಂತ ಕೆಳಗೇ ನಿಂತಿತು ಅಂದರೆ ಸಣ್ಣ ಸೋರಿಕೆ ಇದೆ. ಸಿಮೆಂಟಿನ ಕೂದಲೆಳೆ ಬಿರುಕಿನಿಂದಲೋ ಪೈಪ್ ಜೋಡಣೆಯ ಥ್ರೆಡ್‌ನಿಂದಲೋ ಬರುತ್ತಿರಬಹುದು. ಇಂಥ ಬಾವಿಯನ್ನು ನಿಗಾ ಇಟ್ಟು ನಡೆಸಬಹುದು, ಆದರೆ ಆ ತೀರ್ಮಾನ ಎಂಜಿನಿಯರ್‌ದು. 24 ಗಂಟೆ ಬಿಟ್ಟರೂ ಸೊನ್ನೆಗೆ ಬರಲಿಲ್ಲ, ಅಥವಾ ಮುಚ್ಚಿದ ಕೂಡಲೇ ಸರ್ರನೆ ಮೊದಲಿನಷ್ಟಕ್ಕೇ ಏರಿತು ಅಂದರೆ ಒಂದು ತಡೆ ಸೋತಿದೆ. ಬಾವಿ ಈಗ ಒಂಟಿ ತಡೆಯ ಮೇಲೆ ನಿಂತಿದೆ. ಅದೇ ಶಿಫ್ಟ್‌ನಲ್ಲಿ ಮೇಲಿನವರಿಗೆ ಹೇಳಬೇಕು.

ಈಗ ಕೆಟ್ಟ ಚಾಳಿಯ ಬಗ್ಗೆ. ಒತ್ತಡ ಏರಿದಾಗ ಸ್ವಲ್ಪ ಬಿಟ್ಟು, ಮುಳ್ಳು ಕೆಳಗೆ ತಂದು, ಕೆಳಗೆ ಬಂದ ಸಂಖ್ಯೆ ಬರೆದು ಹೋಗುವುದು. ಶಿಫ್ಟ್ ಬದಲಾಗುವ ಹೊತ್ತಿಗೆ ಈ ಮಾತು ಹಲವು ಸಲ ನನ್ನ ಕಿವಿಗೆ ಬಿದ್ದಿದೆ.

"ಅಣ್ಣಾ, ಆ ಮೂಲೆ ಬಾವೀದು ಬಿ ಜಾಸ್ತಿ ಏರಿತ್ತು, ಇಳಿಸಿಬಿಟ್ಟೆ."

"ಎಷ್ಟಿತ್ತು, ಎಷ್ಟಕ್ಕೆ ಇಳಿಸ್ದೆ, ಏನು ಬಂತು, ಎಲ್ಲಿ ಬರ್ದಿದ್ದೀಯಾ ತಮಾ?"

ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ತೊಂದರೆ ಎರಡು. ಬರೆಯದೆ ಇಳಿಸಿದ್ದರಿಂದ ಗ್ರಾಫ್ ಸಪಾಟಾಗಿ ಕಾಣುತ್ತದೆ, ಬಾವಿ ಆರೋಗ್ಯವಾಗಿದೆ ಅಂತ ಎಲ್ಲರೂ ನಂಬುತ್ತಾರೆ. ಇನ್ನೊಂದು, ಪದೇ ಪದೇ ಇಳಿಸಿದರೆ ಅನ್ಯುಲಸ್‌ನಲ್ಲಿದ್ದ ಭಾರದ ದ್ರವ ಹೊರಗೆ ಹೋಗಿ ಅದರ ಜಾಗಕ್ಕೆ ಹಗುರ ಗ್ಯಾಸ್ ಬರುತ್ತದೆ. ಕೆಳಗಿನ ಒತ್ತಡವನ್ನು ಅದುಮಿ ಹಿಡಿದಿದ್ದ ತೂಕ ಹೋದ ಮೇಲೆ ಮುಂದಿನ ಸಲ ಮುಳ್ಳು ಇನ್ನೂ ಮೇಲೆ ಹೋಗುತ್ತದೆ.

ಹೆಜ್ಜೆ 6: ವಾಲ್ವ್‌ಗಳು

ಕ್ರಿಸ್ಮಸ್ ಟ್ರೀಯಲ್ಲಿ ಕೆಳಗಿನಿಂದ ಮೇಲಕ್ಕೆ ಲೋವರ್ ಮಾಸ್ಟರ್, ಅಪ್ಪರ್ ಮಾಸ್ಟರ್, ಸ್ವಾಬ್ ವಾಲ್ವ್. ಪಕ್ಕಕ್ಕೆ ವಿಂಗ್ ವಾಲ್ವ್, ಅದರಾಚೆ ಚೋಕ್. ಇವು ಗೇಟ್ ವಾಲ್ವ್‌ಗಳು. ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದು ಹರಿವು ಕಡಿಮೆ ಮಾಡಿದರೆ ಮರಳು ಮಿಶ್ರಿತ ಎಣ್ಣೆ ಗೇಟನ್ನು ಕೊರೆದುಹಾಕುತ್ತದೆ. ಹರಿವು ಹತೋಟಿಗೆ ಚೋಕ್ ಇದೆ. ಕೈಯಿಂದ ತಿರುಗಿಸುವ ವಾಲ್ವಿನ ಸುತ್ತು ಎಣಿಸಿ, ಫೈಲ್‌ನಲ್ಲಿರುವ ಸುತ್ತಿನ ಜೊತೆ ಹೋಲಿಸಿ. ಎರಡು ಸುತ್ತು ಕಡಿಮೆ ಬಂತು ಅಂದರೆ ಅದು ಪೂರ್ತಿ ಮುಚ್ಚಿಲ್ಲ. ಕೊನೆ ತಲುಪಿದ ಮೇಲೆ ಕಾಲು ಸುತ್ತು ಹಿಂದಕ್ಕೆ ತನ್ನಿ. ಸ್ಟೆಮ್ ಎದುರು ನಿಂತು ತಿರುಗಿಸಬೇಡಿ, ಬದಿಗೆ ನಿಲ್ಲಿ.

ಗ್ರೀಸ್ ಹಾಕುವಾಗ ತಯಾರಕರು ಹೇಳಿದ ಗ್ರೀಸನ್ನೇ ಹಾಕಿ. ಸೋರುವ ವಾಲ್ವಿಗೆ ಸೀಲಂಟ್ ಹಾಕಿ ಪರೀಕ್ಷೆ ಪಾಸ್ ಮಾಡಿಸಿದ್ದರೆ ಅದನ್ನೂ ಬರೆಯಿರಿ. ಸೀಲಂಟ್ ಹಾಕಿ ಪಾಸಾದ ವಾಲ್ವ್ ಬೇರೆ, ಹಾಗೇ ಪಾಸಾದ ವಾಲ್ವ್ ಬೇರೆ.

ಸಬ್‌ಸರ್ಫೇಸ್ ಸೇಫ್ಟಿ ವಾಲ್ವ್ ಪರೀಕ್ಷೆ ಹೊಸಬರಿಗೆ ಕಷ್ಟ ಅನ್ನಿಸುತ್ತದೆ, ಆದರೆ ಲೆಕ್ಕ ಸುಲಭ. ಬಾವಿ ನಿಲ್ಲಿಸಿ, ಕಂಟ್ರೋಲ್ ಲೈನ್ (ಈ ವಾಲ್ವನ್ನು ತೆರೆದಿಡುವ ಹೈಡ್ರಾಲಿಕ್ ಕೊಳವೆ) ಒತ್ತಡ ಬಿಟ್ಟು ವಾಲ್ವ್ ಮುಚ್ಚುತ್ತೇವೆ. ಅದರ ಮೇಲಿನ ಟ್ಯೂಬಿಂಗ್ ಒತ್ತಡ ಇಳಿಸಿ, ಮುಚ್ಚಿ, ಎಷ್ಟು ಬೇಗ ಏರುತ್ತದೆ ಅಂತ ನೋಡುತ್ತೇವೆ. ಎಪಿಐ ಆರ್‌ಪಿ 14ಬಿ ಒಪ್ಪುವ ಸೋರಿಕೆ ಗ್ಯಾಸ್ ಆದರೆ ನಿಮಿಷಕ್ಕೆ 15 ಘನ ಅಡಿ, ದ್ರವ ಆದರೆ ನಿಮಿಷಕ್ಕೆ 400 ಮಿಲಿ ಲೀಟರ್. ಮೂರೂವರೆ ಇಂಚಿನ ಟ್ಯೂಬಿಂಗ್‌ನಲ್ಲಿ ವಾಲ್ವ್ 150 ಮೀಟರ್ ಆಳದಲ್ಲಿದೆ ಅಂದುಕೊಳ್ಳಿ. ಅದರ ಮೇಲಿನ ಜಾಗ ಸುಮಾರು 24 ಘನ ಅಡಿ. ಅರ್ಧ ಗಂಟೆಯಲ್ಲಿ ಒತ್ತಡ 100 ಪಿಎಸ್‌ಐ ಏರಿತು. 24ನ್ನು 100ರಿಂದ ಗುಣಿಸಿ, 14.7ರಿಂದ (ಹೊರಗಿನ ಗಾಳಿಯ ಒತ್ತಡ, ಪಿಎಸ್‌ಐನಲ್ಲಿ) ಭಾಗಿಸಿ, 30 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 5.4 ಘನ ಅಡಿ. ಪಾಸ್. ಅದೇ 300 ಪಿಎಸ್‌ಐ ಏರಿದ್ದರೆ 16.3. ಫೇಲ್. ನಿಖರ ಲೆಕ್ಕಕ್ಕೆ ತಾಪಮಾನವನ್ನೂ ಗ್ಯಾಸಿನ ಗುಣವನ್ನೂ ಸೇರಿಸುತ್ತಾರೆ, ಆದರೆ ಸ್ಥಳದಲ್ಲೇ ಅಂದಾಜಿಗೆ ಇಷ್ಟು ಸಾಕು. ಹೆಚ್ಚಿನ ಕಡೆ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡುತ್ತಾರೆ. ಪ್ರೊಡಕ್ಷನ್ ನಿಲ್ಲುತ್ತದೆ ಅಂತ ಮುಂದಕ್ಕೆ ಹಾಕುವ ಒತ್ತಾಯ ಬರುತ್ತದೆ. ಕಾರವಾರದ ಬೈತಖೋಲ ಬಂದರಿನ ಬೋಟಿನವರು ಜೂನ್, ಜುಲೈ ರಜೆಯಲ್ಲಿ ಬೋಟನ್ನು ದಡಕ್ಕೆ ಎಳೆದು ಹಲಗೆ ನೋಡುವುದು ಅದು ಸೋರುತ್ತಿದೆ ಅಂತಲ್ಲ, ಮುಂದಿನ ಸೀಸನ್‌ಗೆ ನಡುಕಡಲಲ್ಲಿ ಸೋರಬಾರದು ಅಂತ. ಇಲ್ಲೂ ಹಾಗೇ.

ಹೆಜ್ಜೆ 7: ಬಾವಿಯ ಒಳಗೆ ನೋಡುವುದು

ಇದು ಲಾಗಿಂಗ್ ತಂಡದ ಕೆಲಸ. ಆದರೂ ಯಾವುದು ಯಾಕೆ ಅಂತ ಗೊತ್ತಿರಲಿ. ಮಲ್ಟಿಫಿಂಗರ್ ಕ್ಯಾಲಿಪರ್ ಅಂದರೆ ಹತ್ತಾರು ಸಣ್ಣ ಬೆರಳುಗಳ ಉಪಕರಣ. ಪೈಪಿನ ಒಳಮೈ ಸವರಿ ಎಲ್ಲಿ ಗುಳಿ ಬಿದ್ದಿದೆ ಹೇಳುತ್ತದೆ. ಹೊರಮೈ ತುಕ್ಕಿಗೆ ಇದು ಸಾಲದು, ಕಾಂತದ ಅಥವಾ ಶಬ್ದತರಂಗದ ಉಪಕರಣ ಬೇಕು. ಸಿಮೆಂಟ್ ಬಾಂಡ್ ಲಾಗ್ ಕೇಸಿಂಗ್ ಹಿಂದೆ ಸಿಮೆಂಟ್ ಅಂಟಿದೆಯೇ ನೋಡುತ್ತದೆ. ಸೋರುವ ಜಾಗ ಹಿಡಿಯಲು ಟೆಂಪರೇಚರ್ ಲಾಗ್, ನಾಯ್ಸ್ ಲಾಗ್. ಗ್ಯಾಸ್ ಹಿಗ್ಗುವ ಕಡೆ ತಣ್ಣಗಾಗುತ್ತದೆ, ಸದ್ದೂ ಮಾಡುತ್ತದೆ.

ಕಾರ್ಬನ್ ಡೈಆಕ್ಸೈಡ್ ಇರುವ ಬಾವಿಯಲ್ಲಿ ನೀರು ಸೇರಿ ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ. ಅದಕ್ಕೆ ಇನ್‌ಹಿಬಿಟರ್ ಎಂಬ ರಾಸಾಯನಿಕ ಹಾಕುತ್ತಾರೆ. ಪಂಪ್ ಓಡುತ್ತಿದೆ ಅಂದ ಮಾತ್ರಕ್ಕೆ ಅದು ಬಾವಿಗೆ ಹೋಗುತ್ತಿದೆ ಅಂತಲ್ಲ. ಟ್ಯಾಂಕಿನ ಮಟ್ಟ ದಿನಕ್ಕೆ ಎಷ್ಟು ಇಳಿಯಿತು ಅಂತ ಅಳೆಯಿರಿ.

ಸಂಖ್ಯೆ ತಾಳೆಯಾಗದಿದ್ದರೆ

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟವಾಗಿ 11 ಜನ ಸತ್ತರು. ಅದಕ್ಕೆ ಕೆಲವು ಗಂಟೆ ಮೊದಲು ಬಾವಿ ಸೀಲ್ ಆಗಿದೆಯೇ ಅಂತ ನೆಗೆಟಿವ್ ಪ್ರೆಶರ್ ಟೆಸ್ಟ್ (ಮೇಲಿನ ಒತ್ತಡ ಇಳಿಸಿ ನೋಡುವ ಪರೀಕ್ಷೆ) ಮಾಡಿದ್ದರು. ಡ್ರಿಲ್ ಪೈಪಿನಲ್ಲಿ 1,400 ಪಿಎಸ್‌ಐ ಕಾಣಿಸಿತು. ಪಕ್ಕದ ಕಿಲ್ ಲೈನಿನಲ್ಲಿ ಸೊನ್ನೆ. ಎರಡೂ ಒಂದೇ ಬಾವಿಗೆ ಸೇರಿದ್ದವು, ಹಾಗಾಗಿ ಎರಡೂ ಒಂದೇ ಹೇಳಬೇಕಿತ್ತು. 1,400 ಯಾಕೆ ಬಂತು ಅನ್ನುವುದಕ್ಕೆ ಯಾರೋ ಒಂದು ವಿವರಣೆ ಕೊಟ್ಟರು, ಉಳಿದವರು ಒಪ್ಪಿದರು, ಸೊನ್ನೆಯನ್ನು ನಂಬಿ ಪರೀಕ್ಷೆ ಪಾಸ್ ಅಂದರು. ಕೆಳಗಿನ ಸಿಮೆಂಟ್ ಹಿಡಿದಿರಲಿಲ್ಲ. ಗೇಜ್ ಸುಳ್ಳು ಹೇಳಿರಲಿಲ್ಲ.

ನಮ್ಮ ದೇಶದಲ್ಲೇ ಅಸ್ಸಾಮಿನ ಬಾಗ್ಜಾನ್‌ನಲ್ಲಿ 2020ರ ಮೇ 27ರಂದು, ವರ್ಕ್‌ಓವರ್ (ಬಾವಿಯ ದುರಸ್ತಿ) ನಡೆಯುತ್ತಿದ್ದಾಗ ಗ್ಯಾಸ್ ಚಿಮ್ಮಿತು. ಜೂನ್ 9ಕ್ಕೆ ಬೆಂಕಿ ಹಿಡಿಯಿತು. ಬೆಂಕಿ ಆರಿಸಲು ಹೋದ ಇಬ್ಬರು ಸತ್ತರು. ಪೂರ್ತಿ ಹತೋಟಿಗೆ ಬಂದದ್ದು ನವೆಂಬರ್‌ನಲ್ಲಿ. ಪಕ್ಕದಲ್ಲೇ ಇದ್ದ ಮಾಗುರಿ ಕೆರೆ, ಗದ್ದೆ, ಮನೆಗಳ ಗತಿ ಏನಾಯಿತು ಅಂತ ಫೋಟೋಗಳಲ್ಲಿ ನೀವೂ ನೋಡಿರಬಹುದು.

ಹಾಗಾಗಿ ಎರಡು ಗೇಜ್ ಬೇರೆ ಬೇರೆ ಹೇಳಿದರೆ, ಕಾರಣ ಸಿಗುವವರೆಗೆ ಕೆಟ್ಟದ್ದನ್ನು ಹೇಳುವ ಗೇಜನ್ನೇ ನಂಬಿ. ಕೆಲಸ ನಿಲ್ಲಿಸಿ. ನಿಲ್ಲಿಸುವ ಅಧಿಕಾರ ಪ್ಲಾಟ್‌ಫಾರ್ಮ್‌ನ ಪ್ರತಿಯೊಬ್ಬರಿಗೂ ಇದೆ, ಹೊಸಬನಿಗೂ ಇದೆ. ಭಾಷೆ ಬರುವುದಿಲ್ಲ, ಹಿಂದಿ ಇಂಗ್ಲಿಷ್ ತಡವರಿಸುತ್ತದೆ ಅಂತ ನಮ್ಮ ಹುಡುಗರು ಸುಮ್ಮನಿದ್ದುಬಿಡುತ್ತಾರೆ. ಹಾಗೆ ಮಾಡಬೇಡಿ. ಗೇಜ್ ತೋರಿಸಿ "ಸ್ಟಾಪ್" ಅಂದರೆ ಯಾವ ದೇಶದವನಿಗೂ ಅರ್ಥವಾಗುತ್ತದೆ.

ಬರೆದಿಡುವುದು, ಒಪ್ಪಿಸುವುದು

ಲಾಗ್‌ಶೀಟ್‌ನಲ್ಲಿ ಓದಿದ ಹೊತ್ತು, ಎ, ಬಿ, ಸಿ, ಟ್ಯೂಬಿಂಗ್ ಒತ್ತಡ, ತಾಪಮಾನ, ಬಾವಿಯ ಸ್ಥಿತಿ, ಬಿಟ್ಟದ್ದೇನಾದರೂ ಇದ್ದರೆ ಎಷ್ಟು, ಏನು, ಇವಿಷ್ಟು ಇರಲೇಬೇಕು. ನಿನ್ನೆಯ ಸಂಖ್ಯೆ ನೋಡಿ ಇವತ್ತಿನದು ತುಂಬಬೇಡಿ. ಒಂದೇ ಸಂಖ್ಯೆ ಹತ್ತು ದಿನ ಇದ್ದರೆ ಬಾವಿಗಿಂತ ಮೊದಲು ಗೇಜಿನ ಮೇಲೆ, ಆಮೇಲೆ ಬರೆದವರ ಮೇಲೆ ಅನುಮಾನ ಬರುತ್ತದೆ. ವಾರಕ್ಕೊಮ್ಮೆಯಾದರೂ ಸಂಖ್ಯೆಗಳನ್ನು ಗ್ರಾಫ್ ಮಾಡಿ. ದಿನಕ್ಕೆ 5 ಪಿಎಸ್‌ಐ ಏರುವುದು ಪಟ್ಟಿಯಲ್ಲಿ ಕಾಣುವುದಿಲ್ಲ, ಗೆರೆಯಲ್ಲಿ ಕಾಣುತ್ತದೆ.

ನಮ್ಮ ದೇಶದಲ್ಲಿ ಕಡಲಿನ ಬಾವಿಗಳಿಗೆ 2008ರ ಸುರಕ್ಷತಾ ನಿಯಮಗಳಿವೆ, ಅವನ್ನು ನೋಡಿಕೊಳ್ಳುವುದು ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ (ಒಐಎಸ್‌ಡಿ). ನೆಲದ ಬಾವಿಗಳಿಗೆ 2017ರ ಆಯಿಲ್ ಮೈನ್ಸ್ ನಿಯಮಗಳಿವೆ, ಅದು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ (ಡಿಜಿಎಂಎಸ್) ಕೆಳಗೆ. ಗಲ್ಫ್‌ನಲ್ಲಿ ಆಯಾ ಕಂಪನಿಯ ಮಾನದಂಡ. ಸೇರಿದ ವಾರವೇ ನಿಮ್ಮ ಕಡೆ ಯಾವುದು ನಡೆಯುತ್ತದೆ ಅಂತ ಕೇಳಿಕೊಳ್ಳಿ.

ನಿಂತ ಬಾವಿಗಳನ್ನು ಮರೆಯಬೇಡಿ. ಎಣ್ಣೆ ಬರುವುದು ನಿಂತಿದೆ, ಮುಚ್ಚಿಟ್ಟಿದ್ದಾರೆ ಅಂತ ಲಾಗ್‌ಶೀಟ್‌ನಿಂದಲೇ ಕೆಲವು ಕಡೆ ಹೆಸರು ತೆಗೆದಿರುತ್ತಾರೆ. ಕೆಳಗೆ ಒತ್ತಡ ಇದ್ದೇ ಇರುತ್ತದೆ, ಪೈಪಿಗೆ ತುಕ್ಕು ಹಿಡಿಯುತ್ತಲೇ ಇರುತ್ತದೆ, ನೋಡುವವರು ಮಾತ್ರ ಇರುವುದಿಲ್ಲ. ಸಿಮೆಂಟ್ ಪ್ಲಗ್ ಹಾಕಿ ಶಾಶ್ವತವಾಗಿ ಮುಚ್ಚುವವರೆಗೂ ಅದೂ ಜೀವಂತ ಬಾವಿಯೇ. ನಿಮ್ಮ ಪ್ಲಾಟ್‌ಫಾರ್ಮ್‌ನಲ್ಲಿ ಅಂಥವು ಎಷ್ಟಿವೆ, ಅವುಗಳ ಅನ್ಯುಲಸ್ ಕೊನೆಯ ಸಲ ಯಾವಾಗ ಓದಿದ್ದು ಅಂತ ಸೂಪರ್‌ವೈಸರನ್ನು ಕೇಳಿ, ಹೆಸರು ಬಿಟ್ಟುಹೋಗಿದ್ದರೆ ಶೀಟಿನ ಕೊನೆಯಲ್ಲಿ ಕೈಯಲ್ಲೇ ಸೇರಿಸಿ ಓದಲು ಶುರು ಮಾಡಿ.